ನಂಬಿಗಸ್ತರ ಸಾಲು

ನನ್ನ ತಂಗಿಯ ಮಗನನ್ನು ಅಮೆರಿಕ ಸರ್ಕಾರ ನಂಬಿದೆಯಂತೆ. ಸುದ್ದಿ ಬಂದ ದಿನ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಲ್ಲಿಯವರೆಗೆ ಈ ಹುಡುಗನನ್ನು ಯಾರೂ ನಂಬಿದ ದಾಖಲೆ ಇರಲಿಲ್ಲ. ಅರ್ಧ ಲೀಟರ್ ಹಾಲು ತಾ ಎಂದರೆ ಕ್ರಿಕೆಟ್ ಮುಗಿಸಿಕೊಂಡು, ಒಡೆದ ಹಾಲಿನೊಂದಿಗೆ ಬರುತ್ತಿದ್ದವನು. ಚಿಲ್ಲರೆ ಲೆಕ್ಕ ಕೇಳಿದರೆ ಅಳುತ್ತಿದ್ದವನು. ಅವನಜ್ಜಿ ಕೊನೆಯವರೆಗೂ ಬೀರುವಿನ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇದ್ದದ್ದು ಇವನೊಬ್ಬನ ದೆಸೆಯಿಂದ. ಅಂಥವನಿಗೆ ಪ್ರಪಂಚದಲ್ಲೇ ಅತ್ಯಂತ ಅನುಮಾನದ ಸರ್ಕಾರವೊಂದು, 'ನೀನು ನಂಬಿಗಸ್ತ ಪ್ರಯಾಣಿಕ, ಇನ್ನು ಮುಂದೆ ಉದ್ದ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ' ಎಂದು ತಿಳಿಸಿತ್ತು.

"ಎಷ್ಟು ಕೊಟ್ಟೆ?" ಎಂದರು ಭಾವ. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಕೂತು ಎದ್ದವರು.

"120 ಡಾಲರ್ ಅಪ್ಪ."

"ರಸೀದಿ ಕೊಟ್ರಾ?"

"ಹೂಂ, ಕೊಟ್ರು."

ಭಾವನಿಗೆ ಆಮೇಲೆ ಆಸಕ್ತಿ ಹೋಯಿತು. ರಸೀದಿ ಕೊಡುವ ಕಡೆ ಕೆಲಸ ಆಗುವುದಿಲ್ಲ ಎಂಬುದು ಅವರ ಸೇವಾನುಭವ.

ಗ್ಲೋಬಲ್ ಎಂಟ್ರಿ ಎಂಬ ಈ ಏರ್ಪಾಟು 2008ರಲ್ಲಿ ಶುರುವಾದದ್ದು. ವಿದೇಶದಿಂದ ಬಂದು ಇಳಿದವರು ವಲಸೆ ಅಧಿಕಾರಿಯ ಮುಂದಿನ ಹನುಮಂತನ ಬಾಲದಂಥ ಸಾಲು ಬಿಟ್ಟು, ಯಂತ್ರದ ಮುಂದೆ ಮುಖ ತೋರಿಸಿ ಆಚೆ ಹೋಗಬಹುದು. ಐದು ವರ್ಷದ ಸದಸ್ಯತ್ವಕ್ಕೆ ಬಹುಕಾಲ 100 ಡಾಲರ್ ಇತ್ತು. 2024ರ ಅಕ್ಟೋಬರ್‌ನಿಂದ 120. ಅರ್ಜಿ ತಿರಸ್ಕಾರವಾದರೂ ದುಡ್ಡು ವಾಪಸಿಲ್ಲ. ಹುಂಡಿಗೆ ಹಾಕಿದ್ದನ್ನು ದೇವರು ವರ ಕೊಡಲಿಲ್ಲವೆಂದು ವಾಪಸು ಕೇಳುವುದುಂಟೆ? ಭಾರತೀಯರಿಗೆ ಈ ಬಾಗಿಲು ತೆರೆದದ್ದು 2017ರ ಜುಲೈನಲ್ಲಿ. ಮೊದಲು ನೋಂದಾಯಿಸಿಕೊಂಡ ಭಾರತೀಯ, ಆಗ ವಾಷಿಂಗ್ಟನ್ನಿನಲ್ಲಿ ನಮ್ಮ ರಾಯಭಾರಿಯಾಗಿದ್ದ ನವತೇಜ್ ಸರ್ನಾ. ನೂರು ಕೋಟಿ ಮೀರಿದ ಜನರಲ್ಲಿ ಹುಡುಕಿ ಹುಡುಕಿ ಕೊನೆಗೆ ರಾಯಭಾರಿಯನ್ನು ನಂಬಬಹುದು ಎಂಬ ತೀರ್ಮಾನಕ್ಕೆ ಬಂದರು. ಅದೂ ಕಡಿಮೆ ಧೈರ್ಯವೇನಲ್ಲ.

ಅರ್ಜಿಯ ಪ್ರಶ್ನೆಗಳನ್ನು ನೋಡಿದರೆ ನಮ್ಮ ಕಡೆ ಹೆಣ್ಣು ನೋಡಲು ಬರುವವರು ಎಷ್ಟು ಸಂಕೋಚದ ಜನ ಅನಿಸುತ್ತದೆ. ಐದು ವರ್ಷದಲ್ಲಿ ಎಲ್ಲೆಲ್ಲಿ ಬಾಡಿಗೆಗಿದ್ದೆ, ಎಲ್ಲೆಲ್ಲಿ ಕೆಲಸ ಮಾಡಿದೆ, ಯಾವ ಯಾವ ದೇಶಕ್ಕೆ ಹೋದೆ, ಪೊಲೀಸರು ಎಂದಾದರೂ ಹಿಡಿದಿದ್ದರಾ, ಕಸ್ಟಮ್ಸ್‌ನವರ ಕೈಗೆ ಸಿಕ್ಕಿದ್ದೆಯಾ. ಎಲ್ಲ ಬರೆದ ಮೇಲೆ 'ಷರತ್ತಿನ ಒಪ್ಪಿಗೆ'. ಅದಾದ ಮೇಲೆ ಸಂದರ್ಶನ. ಸಂದರ್ಶನದಲ್ಲಿ ಮುಖದ ಫೋಟೊ, ಬೆರಳಚ್ಚು. ಇಷ್ಟೆಲ್ಲ ಜಾಲಾಡಿ, ಸೋಸಿ, ಒಣಗಿಸಿದ ಮೇಲೆ ಉಳಿಯುವ ಪುಡಿಗೆ ಅವರು ಇಟ್ಟ ಹೆಸರು ನಂಬಿಕೆ. ನಮ್ಮ ಕಡೆ ಇದಕ್ಕೆ ಅನುಮಾನ ಅಂತೀವಿ. ವ್ಯತ್ಯಾಸ ಇಷ್ಟೇ: ಸಾಮಾನ್ಯ ಸಾಲಿನವರನ್ನು ಇಳಿದ ಮೇಲೆ ಅನುಮಾನಿಸುತ್ತಾರೆ, ನಂಬಿಗಸ್ತರು ತಮ್ಮ ಪಾಲಿನ ಅನುಮಾನವನ್ನು ಮುಂಗಡವಾಗಿ, ಕೈಯಿಂದ ದುಡ್ಡು ಹಾಕಿ, ಐದು ವರ್ಷಕ್ಕಾಗುವಷ್ಟು ಒಟ್ಟಿಗೆ ಮಾಡಿಸಿಕೊಂಡಿರುತ್ತಾರೆ.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಇನ್ನೂ ಒಂದು ಮೆಟ್ಟಿಲಿದೆ. ನಮ್ಮ ಪಾಸ್‌ಪೋರ್ಟ್ ಸೇವೆಯವರ ಮೂಲಕ ಪೊಲೀಸ್ ಪರಿಶೀಲನೆ ಆಗಬೇಕು. ಹಾಗಾಗಿ ಒಂದು ಮಧ್ಯಾಹ್ನ ತಂಗಿಯ ಮನೆಗೆ ಪೇದೆಯೊಬ್ಬರು ಬಂದರು. ಒಳ್ಳೆಯ ಮನುಷ್ಯ. ಕಾಫಿ ಕುಡಿದರು, ನಾಲ್ಕು ಚಕ್ಕುಲಿ ತಿಂದರು, ಇನ್ನೆರಡನ್ನು ಮಗಳಿಗೆಂದು ಕಾಗದದಲ್ಲಿ ಕಟ್ಟಿಸಿಕೊಂಡರು. ಹುಡುಗ ಹೇಗೆ ಎಂದು ಹುಡುಗನ ತಾಯಿಯನ್ನೇ ಕೇಳಿದರು. ಆಕೆ ಒಳ್ಳೆಯವನು ಎಂದಳು, ಬರೆದುಕೊಂಡರು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, ಈಗ ಪೆಟ್ರೋಲ್ ಬೆಲೆ ಬಹಳ ಆಗಿಬಿಟ್ಟಿದೆ ಎಂದು ಆಕಾಶಕ್ಕೆ ಹೇಳಿದರು. ಭಾವನ ಮುಖ ಅರಳಿತು. ಕೊನೆಗೂ ಇದೊಂದು ಆಗುವ ಕೆಲಸ ಎಂದು ಅವರಿಗೆ ನಂಬಿಕೆ ಬಂತು. ಪ್ರಪಂಚದ ಅತಿ ದೊಡ್ಡ ಶಕ್ತಿಯ ಗಡಿ ಭದ್ರತೆ ಕಟ್ಟಕಡೆಗೆ ನಿಂತದ್ದು ಐನೂರು ರೂಪಾಯಿ ಮತ್ತು ಆರು ಚಕ್ಕುಲಿಯ ಮೇಲೆ. ಇದನ್ನು ಅಮೆರಿಕದವರಿಗೆ ಯಾರೂ ಹೇಳಬೇಡಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಂಬಿಗಸ್ತನಾದ ನಮ್ಮ ಹುಡುಗ ಅದೇ ಸರ್ಕಾರದ ಬೇರೊಂದು ಸಾಲಿನಲ್ಲಿ ಹನ್ನೊಂದು ವರ್ಷದಿಂದ ನಿಂತಿದ್ದಾನೆ. ಅದು ಗ್ರೀನ್ ಕಾರ್ಡಿನ ಸಾಲು. ವರ್ಷಕ್ಕೆ ಕೊಡುವ ಕಾರ್ಡುಗಳಲ್ಲಿ ಯಾವುದೇ ಒಂದು ದೇಶದವರ ಪಾಲು ಶೇ. 7 ದಾಟಬಾರದೆಂಬ ಕಾಯ್ದೆಯ ಪ್ರಕಾರ ಐಸ್‌ಲ್ಯಾಂಡಿಗೂ ಇಂಡಿಯಾಕ್ಕೂ ಒಂದೇ ಅಳತೆಯ ಪಾವು. ಸಾಲಿನ ಈ ತುದಿಯಲ್ಲಿರುವವರು ಆ ತುದಿ ಮುಟ್ಟುವ ಹೊತ್ತಿಗೆ ಮೊಮ್ಮಕ್ಕಳಾಗಿರುತ್ತವೆ. ವಿಮಾನ ನಿಲ್ದಾಣದ ಒಂದು ಗಂಟೆ ಉಳಿಸಿಕೊಟ್ಟವರು ಈ ಹನ್ನೊಂದು ವರ್ಷದ ಮಾತೆತ್ತುವುದಿಲ್ಲ. ಬಾಗಿಲಲ್ಲಿ ಓಡೋಡಿ ಬಾ ಅನ್ನುತ್ತಾರೆ, ಒಳಗೆ ಮಣೆ ಹಾಕುವುದಿಲ್ಲ. ಮಾವ, ಅದು ಬೇರೆ ಡಿಪಾರ್ಟ್‌ಮೆಂಟ್ ಎಂದು ಹುಡುಗ ನನಗೆ ತಿಳಿಹೇಳಿದ. ಈ ವಾಕ್ಯವನ್ನು ನಾನು ನಮ್ಮ ತಾಲೂಕು ಕಚೇರಿಯಲ್ಲೂ ಕೇಳಿದ್ದೇನೆ.

ಗ್ಲೋಬಲ್ ಎಂಟ್ರಿ ಪಡೆದವರಿಗೆ ಪ್ರೀಚೆಕ್ ಎಂಬ ಇನ್ನೊಂದು ಸವಲತ್ತು ಉಚಿತ. ವಿಮಾನ ಹತ್ತುವ ಮುಂಚಿನ ತಪಾಸಣೆಯಲ್ಲಿ ಬೂಟು ಬಿಚ್ಚಬೇಕಾಗಿಲ್ಲ, ಬೆಲ್ಟ್ ಕಳಚಬೇಕಾಗಿಲ್ಲ, ಲ್ಯಾಪ್‌ಟಾಪ್ ಹೊರತೆಗೆಯಬೇಕಾಗಿಲ್ಲ. ಈ ಬೂಟಿನ ಕಥೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಚಪ್ಪಲಿ ಬಿಟ್ಟು ಸಾಲಿನಲ್ಲಿ ನಿಲ್ಲುವುದರಲ್ಲಿ ನಮ್ಮಷ್ಟು ಅನುಭವ ಇನ್ನಾರಿಗೂ ಇಲ್ಲ.

2001ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಿಂದ ಮಯಾಮಿಗೆ ಹೊರಟ ವಿಮಾನದಲ್ಲಿ ರಿಚರ್ಡ್ ರೀಡ್ ಎಂಬಾತ ತನ್ನ ಬೂಟಿನೊಳಗಿನ ಸ್ಫೋಟಕಕ್ಕೆ ಬೆಂಕಿಕಡ್ಡಿ ಗೀರಿದ. ಬತ್ತಿ ಹತ್ತಲಿಲ್ಲ, ಪಕ್ಕದವರು ಹಿಡಿದುಹಾಕಿದರು. ಒಬ್ಬನ ಹತ್ತದ ಬತ್ತಿಗೆ 2006ರಿಂದ ಅಮೆರಿಕದ ಎಲ್ಲ ಪ್ರಯಾಣಿಕರೂ ಕಾಲುಚೀಲದಲ್ಲಿ ನಿಲ್ಲಬೇಕೆಂಬ ನಿಯಮ ಬಂತು. ಇನ್ನು ನಮ್ಮ ದೊಡ್ಡವರ ಪಾಡು ಕೇಳಿ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರಕ್ಷಣಾ ಸಚಿವರಾಗಿದ್ದಾಗಲೇ ಅಮೆರಿಕದ ನಿಲ್ದಾಣದಲ್ಲಿ ಎರಡು ಸಲ ಬಟ್ಟೆ ಬಿಚ್ಚಿಸಿಕೊಂಡರೆಂಬ ಸಂಗತಿ, ಅಲ್ಲಿನ ಮಾಜಿ ಅಧಿಕಾರಿ ಸ್ಟ್ರೋಬ್ ಟಾಲ್ಬೋಟ್ 2004ರಲ್ಲಿ ಬರೆದ ಪುಸ್ತಕದಿಂದ ಬಯಲಾಯಿತು. ಇಸ್ತ್ರಿಯಿಲ್ಲದ ಜುಬ್ಬಾ ಪೈಜಾಮದ ಮನುಷ್ಯ. ಅದರಲ್ಲಿ ಏನು ಬಚ್ಚಿಟ್ಟಿರಬಹುದೆಂದು ಅವರಿಗೆ ಅನಿಸಿತೋ! 2011ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಅಬ್ದುಲ್ ಕಲಾಂ ಅವರ ಸರದಿ. ವಿಮಾನದೊಳಗೆ ಕೂತಾಗಿದ್ದ ಮಾಜಿ ರಾಷ್ಟ್ರಪತಿಯ ಕೋಟು, ಬೂಟು ತೆಗೆಸಿಕೊಂಡು ಹೋಗಿ ಪರೀಕ್ಷಿಸಿದರು. ಆಮೇಲೆ ಕ್ಷಮೆಯನ್ನೂ ಕೇಳಿದರು. ಕ್ಷಮೆ ಕೇಳುವುದರಲ್ಲಿ ಅವರದು ಎತ್ತಿದ ಕೈ.

ಮರು ತಿಂಗಳೇ, ಅಂದರೆ 2011ರ ಅಕ್ಟೋಬರ್‌ನಲ್ಲಿ, ಪ್ರೀಚೆಕ್ ಶುರುವಾಯಿತು. ಕ್ಷಿಪಣಿ ಮಾಡಿದ ಕಲಾಂ ಕಾಲಲ್ಲಿ ನಿಲ್ಲದ ಬೂಟು, ಶುಲ್ಕ ಕಟ್ಟಿದ ಗುಮಾಸ್ತನ ಕಾಲಲ್ಲಿ ಭದ್ರವಾಗಿ ಕೂತಿತು. ಹೀಗೆ ಹದಿಮೂರು ಹದಿನಾಲ್ಕು ವರ್ಷ ಕೋಟ್ಯಂತರ ಜನ ತಮ್ಮ ಬೂಟನ್ನು ತಮ್ಮ ಕಾಲಲ್ಲೇ ಇಟ್ಟುಕೊಳ್ಳಲು ಬಾಡಿಗೆ ಕಟ್ಟಿದರು. 2025ರ ಜುಲೈನಲ್ಲಿ ಸರ್ಕಾರ ಇದ್ದಕ್ಕಿದ್ದಂತೆ ಘೋಷಿಸಿತು: ಇನ್ನು ಯಾರೂ ಬೂಟು ಬಿಚ್ಚಬೇಕಾಗಿಲ್ಲ. ನಮ್ಮ ಕಡೆಯ ಮಾತಿನಲ್ಲಿ ಶೂ ಭಾಗ್ಯ. ಅಂದು ನಮ್ಮ ಹುಡುಗನ ಫೋನು ಬಂತು. ದನಿಯಲ್ಲಿ ಸೂತಕದ ಛಾಯೆ ಇತ್ತು. "ಮಾವ, ಈಗ ಎಲ್ಲರೂ ಬೂಟು ಹಾಕ್ಕೊಂಡೇ ಹೋಗ್ತಾರೆ!" ಬೇರೆಯವರ ಕಾಲು ಬರಿದಾಗಿದ್ದಾಗ ಮಾತ್ರ ಬೂಟಿಗೆ ಹೊಳಪು ಎಂಬುದು ಅವನಿಗೆ ಆವತ್ತು ಗೊತ್ತಾಯಿತು.

ನಮಗೆ ಇದು ಹೊಸದಲ್ಲ. ತಿರುಮಲೆಯಲ್ಲಿ 300 ರೂಪಾಯಿಯ ವಿಶೇಷ ಪ್ರವೇಶ ಬಂದಾಗ ಸುಖವಾಗಿತ್ತು. ಎಲ್ಲರೂ 300 ಕೊಡಲು ಶುರುಮಾಡಿದ ಮೇಲೆ ವಿಶೇಷದ ಸಾಲೂ ಗಂಟೆಗಟ್ಟಲೆ ಬೆಳೆಯಿತು. ಕೊನೆಗೆ ದೇವರ ಮುಂದೆ ನಿಂತಾಗ ಧರ್ಮದರ್ಶನದವನಿಗೂ ಟಿಕೆಟ್ಟಿನವನಿಗೂ ಬೆನ್ನಿಗೆ ಬೀಳುವುದು ಒಂದೇ ಕೈ, ಕಿವಿಗೆ ಬೀಳುವುದು ಒಂದೇ 'ಜರಗಂಡಿ'. ಆದರೂ ತಿಮ್ಮಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ದುಡ್ಡು ತಗೊಂಡು ಬೇಗ ಒಳಗೆ ಬಿಟ್ಟನೇ ಹೊರತು, ನೀನು ನಂಬಿಗಸ್ತ ಅಂತ ಅವನು ಯಾರಿಗೂ ಸರ್ಟಿಫಿಕೇಟ್ ಕೊಟ್ಟಿಲ್ಲ.

ಅಮೆರಿಕದಲ್ಲಿ ಅಂಥ ಸರ್ಟಿಫಿಕೇಟ್ ಕೊಟ್ಟವರ ಕಥೆಯೂ ಚೆನ್ನಾಗಿದೆ. ಕ್ಲಿಯರ್ ಎಂಬ ಖಾಸಗಿ ಸೇವೆ ದುಡ್ಡು ತೆಗೆದುಕೊಂಡು ಜನರನ್ನು ಭದ್ರತಾ ಸಾಲಿನ ತಲೆಗೆ ಒಯ್ದು ನಿಲ್ಲಿಸುತ್ತಿತ್ತು. 2008ರಲ್ಲಿ ಸುಮಾರು 33,000 ಅರ್ಜಿದಾರರ ವಿವರವಿದ್ದ ಅವರ ಲ್ಯಾಪ್‌ಟಾಪ್ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದ ಬೀಗ ಹಾಕಿದ ಕೋಣೆಯಿಂದ ಮಾಯವಾಯಿತು. ಕೆಲವು ದಿನದ ಮೇಲೆ ಸಿಕ್ಕಿತು, ಅದೇ ಕೋಣೆಯಲ್ಲಿ! ಮರುವರ್ಷ ಆ ಕಂಪನಿಯೇ ಬಾಗಿಲು ಹಾಕಿತು. ಹೆಸರು ಬೇರೆಯವರ ಕೈಯಲ್ಲಿ ಮರುಜನ್ಮ ಪಡೆಯಿತು. ಸರ್ಕಾರದ್ದು ಇನ್ನೂ ಮೇಲು. ನ್ಯೂಯಾರ್ಕ್ ರಾಜ್ಯವು ತನ್ನ ಚಾಲನಾ ಪರವಾನಗಿಯ ಕಡತಗಳನ್ನು ವಲಸೆ ಇಲಾಖೆಗೆ ತೋರಿಸುವುದಿಲ್ಲ ಎಂದಿತ್ತಲ್ಲ, ಆ ಸಿಟ್ಟಿಗೆ 2020ರ ಫೆಬ್ರವರಿಯಲ್ಲಿ ಕೇಂದ್ರದವರು ಆ ರಾಜ್ಯದ ನಿವಾಸಿಗಳು ಯಾರೂ ಗ್ಲೋಬಲ್ ಎಂಟ್ರಿಗೆ ಹೊಸದಾಗಿ ಸೇರುವಂತಿಲ್ಲ, ಇದ್ದದ್ದನ್ನು ನವೀಕರಿಸುವಂತಿಲ್ಲ ಎಂದರು. ರಾತ್ರಿ ನಂಬಿಗಸ್ತರಾಗಿ ಮಲಗಿದ ಊರು ಬೆಳಗ್ಗೆ ಶಂಕಿತರಾಗಿ ಎದ್ದಿತು. ಹಡ್ಸನ್ ನದಿಯ ಆಚೆ ದಡದ ನ್ಯೂಜೆರ್ಸಿಯವರು ಮಾತ್ರ ಮೊದಲಿನಷ್ಟೇ ಸಾಚಾ. ಜುಲೈ ಹೊತ್ತಿಗೆ ಸರ್ಕಾರ ನಿಷೇಧ ಹಿಂತೆಗೆದುಕೊಂಡಿತು. ತಾನು ಈ ಬಗ್ಗೆ ನ್ಯಾಯಾಲಯಕ್ಕೆ ಹೇಳಿದ್ದರಲ್ಲಿ ಸರಿಯಲ್ಲದ ಮಾತುಗಳಿದ್ದವೆಂದೂ ಒಪ್ಪಿಕೊಂಡಿತು. ಅರ್ಜಿಯಲ್ಲಿ ಒಂದು ಹಳೆಯ ವಿಳಾಸ ತಪ್ಪಾಗಿ ಬರೆದರೆ ನಮ್ಮ ಹುಡುಗನ ನಂಬಿಕೆ ರದ್ದಾಗಬಹುದು. ನ್ಯಾಯಾಧೀಶರ ಮುಂದೆ ತಪ್ಪು ಹೇಳಿದ ಇಲಾಖೆಯ ಬೆರಳಚ್ಚು ಯಾರು ತೆಗೆದುಕೊಳ್ಳಬೇಕು?

ನಾವೇನೂ ಹಿಂದೆ ಬಿದ್ದಿಲ್ಲ. 2022ರ ಡಿಸೆಂಬರ್ 1ರಂದು ಡಿಜಿಯಾತ್ರಾ ಶುರುವಾದಾಗ ದೆಹಲಿ, ವಾರಾಣಸಿಯ ಜೊತೆ ಬೆಂಗಳೂರೂ ಇತ್ತು. ಮುಖವೇ ಬೋರ್ಡಿಂಗ್ ಪಾಸು. ನಾನೂ ಒಮ್ಮೆ ಉತ್ಸಾಹದಿಂದ ಮುಖ ಒಡ್ಡಿದೆ. ಯಂತ್ರ ನನ್ನನ್ನು ಬಹಳ ಹೊತ್ತು ನೋಡಿತು. ಕನ್ನಡಕ ತೆಗೀರಿ ಸಾರ್ ಎಂದ ಪಕ್ಕದ ಹುಡುಗ. ತೆಗೆದೆ, ಈಗ ಯಂತ್ರ ನನಗೆ ಕಾಣಲಿಲ್ಲ. ಸ್ವಲ್ಪ ನಗಬೇಡಿ ಸಾರ್ ಎಂದ. ನಾನು ನಕ್ಕಿರಲೇ ಇಲ್ಲ. ಹಿಂದಿದ್ದ ಸಾಲು ಗೊಣಗತೊಡಗಿದಾಗ ಅವನೇ ಕೈಹಿಡಿದು ಪಕ್ಕದ ಮಾಮೂಲಿ ಬಾಗಿಲಿಗೆ ಕರೆದೊಯ್ದು, ಚೀಟಿ ನೋಡಿ ಒಳಗೆ ಬಿಡಿಸಿದ. ಒಳಗೆ ಮುಖ ಒಪ್ಪಿಸಿದವರೂ ಒಪ್ಪಿಸದವರೂ ಒಟ್ಟಿಗೆ ಬೆಲ್ಟ್ ಬಿಚ್ಚಿ, ಪ್ಯಾಂಟು ಒಂದು ಕೈಲಿ ಹಿಡಿದು, ಕೈಯೆತ್ತಿ ಮಣೆಯ ಮೇಲೆ ನಿಂತಿದ್ದರು.

2025ರ ಜನವರಿ 16ರಿಂದ ಬೆಂಗಳೂರಿನಲ್ಲಿ ನಮ್ಮದೇ ನಂಬಿಗಸ್ತ ಪ್ರಯಾಣಿಕ ಯೋಜನೆಯೂ ಇದೆ. ಭಾರತೀಯರಿಗೆ, ಓಸಿಐ ಕಾರ್ಡಿನವರಿಗೆ ಉಚಿತ. ಬೆರಳು, ಮುಖ ಕೊಟ್ಟು ನೋಂದಾಯಿಸಿಕೊಂಡರೆ ವಲಸೆ ತಪಾಸಣೆಯ ಇ-ಗೇಟು 30 ಸೆಕೆಂಡಿನಲ್ಲಿ ತೆರೆದುಕೊಳ್ಳುತ್ತದೆ ಎಂಬುದು ಸರ್ಕಾರದ ಮಾತು. ಮೆಚ್ಚತಕ್ಕದ್ದೇ. ಜಯನಗರದಿಂದ ಮಧ್ಯಾಹ್ನ ಮೂರಕ್ಕೆ ಹೊರಟು, ಮೇಖ್ರಿ ಸರ್ಕಲ್ಲಿನಲ್ಲಿ ಕಡಲೆಕಾಯಿ ತಿಂದು, ಹೆಬ್ಬಾಳದಲ್ಲಿ ಒಂದು ನಿದ್ದೆ ತೆಗೆದು, ದೇವನಹಳ್ಳಿ ಮುಟ್ಟಿದವನಿಗೆ ಆ 30 ಸೆಕೆಂಡಿನ ಬೆಲೆ ಗೊತ್ತು. ವಾಯುವಜ್ರ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ನಂಬಿಗಸ್ತರೊಬ್ಬರು, ಒಳಗೆ ನನಗೆ ಅರ್ಧ ಗಂಟೆ ಉಳಿತಾಯ ಎಂದು ಸಂಭ್ರಮಿಸುತ್ತಿದ್ದರು. ಆ ಅರ್ಧ ಗಂಟೆಯೂ ನಾವು ಮಾತಾಡುತ್ತಿದ್ದಾಗಲೇ ಎಸ್ಟೀಮ್ ಮಾಲ್ ಮುಂದೆ ಖರ್ಚಾಗಿ ಹೋಯಿತು.

ಆದರೆ ಇವೆಲ್ಲ ಸಾಮಾನ್ಯರ ನಂಬಿಕೆ. ನಮ್ಮ ನಾಡಿನ ಅಸಲಿ ಯೋಜನೆಗೆ ಅರ್ಜಿಯಿಲ್ಲ, ಬೆರಳಚ್ಚಿಲ್ಲ, ಮುಖವೂ ಬೇಕಿಲ್ಲ. ಅದರ ಹೆಸರು ಪ್ರೋಟೋಕಾಲ್. ದೇಶದ ವಿಮಾನ ನಿಲ್ದಾಣಗಳಲ್ಲಿ ತಪಾಸಣೆಯಿಂದ ವಿನಾಯಿತಿ ಉಳ್ಳವರ ಪಟ್ಟಿಯೊಂದನ್ನು ಬೋರ್ಡು ಬರೆಸಿ ಹಾಕುತ್ತಿದ್ದರು. ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಎಂದು ಪದವಿಗಳ ಮೆರವಣಿಗೆ ಸಾಗಿ, ಕೊನೆಗೆ ಪದವಿಯಿಲ್ಲದ ಒಂದೇ ಒಂದು ಹೆಸರು: ರಾಬರ್ಟ್ ವಾದ್ರಾ, ವಿಶೇಷ ಭದ್ರತೆಯವರ ಜೊತೆ ಪ್ರಯಾಣಿಸುವಾಗ. 2015ರಲ್ಲಿ ಆ ಹೆಸರು ಅಳಿಸಿದರು. ಅಳಿಯತನವೂ ಒಂದು ಹುದ್ದೆ ಎಂದು ಒಪ್ಪಿದ ಏಕೈಕ ಸರ್ಕಾರಿ ದಾಖಲೆ ಹಾಗೆ ಹೋಯಿತು.

2025ರ ಮಾರ್ಚ್ 3ರಂದು ದುಬೈನಿಂದ ಬೆಂಗಳೂರಿಗೆ ಬಂದಿಳಿದ ಕನ್ನಡದ ನಟಿಯೊಬ್ಬರ ಬಳಿ 14.2 ಕಿಲೋ ಚಿನ್ನ ಸಿಕ್ಕಿತೆಂದು ಕಂದಾಯ ಗುಪ್ತಚರದವರು ಬಂಧಿಸಿದರಲ್ಲ, ನೆನಪಿದೆಯೇ? ಪ್ರೋಟೋಕಾಲ್ ಪೊಲೀಸರ ಬೆಂಗಾವಲು ಬಳಸಿ ತಪಾಸಣೆ ತಪ್ಪಿಸುತ್ತಿದ್ದರೆಂಬುದು ತನಿಖೆಯವರ ಆರೋಪ. ನಿಜವೋ ಸುಳ್ಳೋ ನ್ಯಾಯಾಲಯ ಹೇಳಲಿ, ಅದು ನನ್ನ ಕೆಲಸವಲ್ಲ. ನನ್ನ ಕುತೂಹಲ ಆ ಬೆಂಗಾವಲಿನ ಕಡೆಗೆ ಮಾತ್ರ. ಹದಿನಾಲ್ಕು ಕಿಲೋ ಎಂದರೆ ಅರ್ಧ ಮೂಟೆ ಅಕ್ಕಿಗಿಂತ ಹೆಚ್ಚು. ಸಾಮಾನ್ಯರ ಸಾಲಿನಲ್ಲಿ ಬರುವ ನನ್ನ ಅತ್ತಿಗೆಯ ಕತ್ತಿನ ಎರಡೆಳೆ ಸರವನ್ನು, ಇದು ಹಳೇದಾ ಹೊಸದಾ ಎಂದು ಕೇಳಿ, ಮದುವೆಯ ಫೋಟೊ ತೋರಿಸುವವರೆಗೂ ಬಿಡದವರಿದ್ದಾರೆ. ಗೊತ್ತಿರುವವರ ಹಿಂದೆ ನಡೆದುಬಂದರೆ ತೆರೆಯುವ ಬಾಗಿಲಿನಷ್ಟು ಬೇಗ ಯಾವ ಇ-ಗೇಟೂ ತೆರೆದುಕೊಳ್ಳುವುದಿಲ್ಲ.

ಇರಲಿ, ತಂಗಿಯ ಕಥೆಗೆ ಬರುತ್ತೇನೆ. ಕಳೆದ ಬೇಸಿಗೆಯಲ್ಲಿ ಮಗ ಬಂದು ಅಮ್ಮನನ್ನು ಜೊತೆಯಲ್ಲೇ ಕರೆದುಕೊಂಡು ಹೋದ. ಅಮೆರಿಕದ ಪಶ್ಚಿಮ ಕರಾವಳಿಯ ಒಂದು ನಿಲ್ದಾಣದಲ್ಲಿ ಇಳಿದರು. ಗ್ಲೋಬಲ್ ಎಂಟ್ರಿ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಹೆತ್ತವಳಿಗೂ ನಡೆಯುವುದಿಲ್ಲ. "ಅಮ್ಮ, ನೀನು ಆ ಸಾಲಲ್ಲಿ ಬಾ, ನಾನು ಬ್ಯಾಗ್ ಹತ್ರ ಇರ್ತೀನಿ" ಎಂದು ಹುಡುಗ ಯಂತ್ರಕ್ಕೆ ಮುಖ ತೋರಿಸಿ ಒಂದು ನಿಮಿಷದಲ್ಲಿ ಆಚೆ ಹೋದ. ತಂಗಿ ಒಂದೂಕಾಲು ಗಂಟೆ ಸಾಲಿನಲ್ಲಿದ್ದಳು. ಅಷ್ಟರಲ್ಲಿ ಗುಂಟೂರಿನ ಹೆಂಗಸೊಬ್ಬರಿಂದ ಗೋಂಗುರ ಚಟ್ನಿಯ ಕ್ರಮ, ಹಾಸನದ ಒಬ್ಬರಿಂದ ಒಂದು ವರನ ಜಾತಕ, ಮೂವರ ಫೋನ್ ನಂಬರ್ ಸಂಪಾದಿಸಿದಳು. ಆಚೆ ಬಂದು ನೋಡಿದರೆ ಮಗ ಬೆಲ್ಟಿನ ಮುಂದೆ ಬಕಧ್ಯಾನ ಮಾಡುತ್ತಿದ್ದ. ನಂಬಿಗಸ್ತನ ಪೆಟ್ಟಿಗೆಗೆ ತಾನು ನಂಬಿಗಸ್ತನ ಪೆಟ್ಟಿಗೆ ಎಂದು ಯಾರೂ ಹೇಳಿರಲಿಲ್ಲ. ಅಮ್ಮನ ಪೆಟ್ಟಿಗೆ ಮೊದಲು ಬಂತು.

ಪೆಟ್ಟಿಗೆಗಳನ್ನು ತಳ್ಳಿಕೊಂಡು ಬಾಗಿಲ ಕಡೆ ಹೊರಟಾಗ ಅಂಗಿ ತೊಟ್ಟ ಒಂದು ಬೀಗಲ್ ನಾಯಿ ಎದುರಿಗೆ ಬಂತು. 1984ರಿಂದ ಅಮೆರಿಕದ ನಿಲ್ದಾಣಗಳಲ್ಲಿ ಹಣ್ಣು, ಸೊಪ್ಪು, ಮಾಂಸ ಮೂಸುವ ಕೆಲಸ ಈ ವಂಶದ್ದು. ಬೊಗಳುವುದಿಲ್ಲ, ಹಾರುವುದಿಲ್ಲ. ಅನುಮಾನ ಬಂದರೆ ಪೆಟ್ಟಿಗೆಯ ಪಕ್ಕ ಸುಮ್ಮನೆ ಕೂತುಬಿಡುತ್ತದೆ. ಅಮ್ಮನ ಪೆಟ್ಟಿಗೆಯನ್ನು ದಾಟಿ ಬಂದು, ನಂಬಿಗಸ್ತನ ಪೆಟ್ಟಿಗೆಯ ಪಕ್ಕ ಕೂತಿತು. ಹಣ್ಣು ಸೊಪ್ಪು ಏನಾದರೂ ಇದೆಯೇ ಎಂದು ಅಧಿಕಾರಿ ಕೇಳಿದರೆ ನಮ್ಮ ಹುಡುಗ ಎದೆಯುಬ್ಬಿಸಿ, ಏನೂ ಇಲ್ಲ, ನಾನು ಗ್ಲೋಬಲ್ ಎಂಟ್ರಿ ಎಂದ. ನಾಯಿ ಏಳಲಿಲ್ಲ.

ಪೆಟ್ಟಿಗೆ ತೆರೆದಾಗ ಅವನ ಬನಿಯನ್ನುಗಳ ನಡುವೆ, ಒದ್ದೆ ಪೇಪರಿನಲ್ಲಿ ಸುತ್ತಿದ ಹಿತ್ತಿಲ ಕರಿಬೇವು ಹೊರಬಂತು. ಕಾಲುಚೀಲದೊಳಗೆ ಎರಡು ತೋತಾಪುರಿ. ಕಿತ್ತಳೆ, ನಿಂಬೆ ತೋಟಗಳನ್ನು ಹಾಳುಮಾಡುವ ರೋಗ ಹರಡುವ ಕೀಟ ಕರಿಬೇವಿನ ಗಿಡದಲ್ಲಿ ಮನೆ ಮಾಡುತ್ತದೆಂದು ಅಮೆರಿಕಕ್ಕೆ ಅದರ ಎಲೆ ಕಂಡರೆ ಭಯ. ಮಾವಿನದೂ ಅಷ್ಟೇ. 2007ರಿಂದ ನಮ್ಮ ಹಣ್ಣನ್ನು ಒಳಗೆ ಬಿಡುತ್ತಾರೆ, ಆದರೆ ವಿಕಿರಣ ಹಾಯಿಸಿ, ಮುದ್ರೆ ಒತ್ತಿದ ಪೆಟ್ಟಿಗೆಯಲ್ಲಿ ಬಂದರೆ ಮಾತ್ರ. ಮಾವಿಗೂ ಒಂದು ಗ್ಲೋಬಲ್ ಎಂಟ್ರಿ ಇದೆ. ಕಾಲುಚೀಲದಲ್ಲಿ ಬಂದವಕ್ಕೆ ಆ ಸದಸ್ಯತ್ವ ಇರಲಿಲ್ಲ. 2018ರಲ್ಲಿ ಒಬ್ಬ ಹೆಂಗಸು ವಿಮಾನದಲ್ಲೇ ತಿನ್ನಲು ಕೊಟ್ಟ ಸೇಬನ್ನು ಚೀಲದಲ್ಲಿಟ್ಟುಕೊಂಡು ಇಳಿದದ್ದಕ್ಕೆ 500 ಡಾಲರ್ ದಂಡ ಬಿದ್ದಿತ್ತು. ಇವನಿಗೆ 300ಕ್ಕೆ ಮುಗಿಯಿತು. ತಿಂಗಳೊಪ್ಪತ್ತಿನಲ್ಲಿ ಪತ್ರ ಬಂತು: ನಿಮ್ಮ ಸದಸ್ಯತ್ವ ರದ್ದಾಗಿದೆ. 120 ಡಾಲರಿನ ಬಗ್ಗೆ ಪತ್ರದಲ್ಲಿ ಮಾತಿರಲಿಲ್ಲ.

ಅದೇ ರಾತ್ರಿ ತಂಗಿಯ ಫೋನು.

"ಅಣ್ಣ, ನಿನಗೆ ಯಾರಾದ್ರೂ ಗೊತ್ತಿದಾರಾ?"

"ಎಲ್ಲಿ?"

"ಇಲ್ಲಿ, ಕಸ್ಟಮ್ಸ್‌ನಲ್ಲಿ. ಒಂದು ಮಾತು ಹೇಳ್ಸಿದ್ರೆ ಸರಿಹೋಗುತ್ತೇನೋ. ಮಗು ಊಟ ಬಿಟ್ಟಿದೆ."

"ಅವನ ಪೆಟ್ಟಿಗೇಲಿ ಯಾಕೆ ಇಟ್ಟೆ ಮಾರಾಯ್ತಿ? ನಿನ್ನದರಲ್ಲಿ ಇಟ್ಕೋಬೇಕಿತ್ತು."

"ಅವನನ್ನ ನಂಬ್ತಾರೆ ಅಂತ ಅವನೇ ತಾನೇ ಹೇಳಿದ್ದು?"

ನನ್ನಲ್ಲಿ ಉತ್ತರವಿರಲಿಲ್ಲ. "ನೋಡು, ಹಿಡಿದಿದ್ದು ನಾಯಿ. ನಾಯಿಗೆ ಯಾರ ಕೈಲಿ ಹೇಳ್ಸೋದು?" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮೌನ.

"ನೋಡೋಕೆ ಬಲು ಸಾಧು ಇತ್ತು ಅಣ್ಣ ಆ ನಾಯಿ. ಅಧಿಕಾರಿ ಆ ಕಡೆ ತಿರುಗಿದಾಗ ನಾನೇ ಮೆಲ್ಲಗೆ ಒಂದು ಕೋಡುಬಳೆ ಹಿಡಿದೆ. ಮೂಸಿ ಕೂಡ ನೋಡ್ಲಿಲ್ಲ."